ಒಂದು ಬಟನ್ ಒತ್ತಿದರೆ ಕ್ಷೇಮ ಸಮಾಚಾರ ಮುಟ್ಟುತ್ತಾ?

'ಇತ್ತ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುತ್ತಿರಬೇಕು.' ನೆನಪಿದೆಯಾ? ಮಳೆ ಬಂತೋ, ಎಮ್ಮೆ ಕರು ಹಾಕಿತೋ, ಅದೆಲ್ಲ ಆಮೇಲಿನ ಮಾತು. ಮೊದಲು ಕ್ಷೇಮ. 1879ರ ಜುಲೈನಲ್ಲಿ ಭಾರತಕ್ಕೆ ಪೋಸ್ಟ್ ಕಾರ್ಡ್ ಬಂದಾಗ ಅದರ ಬೆಲೆ ಕಾಲು ಆಣೆ. ಅದು ಹತ್ತು ದಿನ ತಡವಾದರೂ ಯಾರೂ ಎದೆ ಬಡಿದುಕೊಳ್ಳುತ್ತಿರಲಿಲ್ಲ. ಎದೆ ನಡುಗುತ್ತಿದ್ದದ್ದು ಟೆಲಿಗ್ರಾಂ ಬಂದಾಗ. ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರು! 2013ರ ಜುಲೈನಲ್ಲಿ ಆ ಸೇವೆಯೂ ನಿಂತಿತು.

ಈಗ ನಮ್ಮ ಕ್ಷೇಮ ಸಮಾಚಾರ ಮೊಬೈಲ್ ಕೈಯಲ್ಲಿದೆ. ಅದು ಈ ಕೆಲಸವನ್ನು ನೆಟ್ಟಗೆ ಮಾಡುತ್ತಿದೆಯಾ?

2011ರಲ್ಲಿ ಜಪಾನಿಗೆ ಸುನಾಮಿ ಬಡಿದಾಗ ಜನ ಫೇಸ್‌ಬುಕ್‌ನಲ್ಲಿ ತಮ್ಮವರನ್ನು ಹುಡುಕಾಡಿದರು. ಅದನ್ನು ನೋಡಿ ಕಂಪನಿ 2014ರ ಅಕ್ಟೋಬರ್‌ನಲ್ಲಿ 'ಸೇಫ್ಟಿ ಚೆಕ್' ತಂದಿತು. ದುರಂತ ನಡೆದ ಜಾಗದ ಹತ್ತಿರ ನೀವಿದ್ದೀರಿ ಅನ್ನಿಸಿದರೆ, ಸುರಕ್ಷಿತವಾಗಿದ್ದೀರಾ ಅಂತ ಅದೇ ಕೇಳುತ್ತೆ. ಒತ್ತಿದರೆ ಸ್ನೇಹಿತರಿಗೆಲ್ಲ ಸುದ್ದಿ.

2015ರ ಏಪ್ರಿಲ್ 25, ನೇಪಾಳದ ಭೂಕಂಪ. ಸುಮಾರು 9,000 ಜನ ಸತ್ತರು. ಆ ಬಟನ್‌ನಿಂದ ಎಷ್ಟೋ ಮನೆಗಳಿಗೆ ಜೀವ ಬಂದಂತಾಯಿತು, ಒಪ್ಪಿಕೊಳ್ಳೋಣ. ಆದರೆ ಅತಿ ಹೆಚ್ಚು ಸಾವು ಕಂಡ ಸಿಂಧುಪಾಲ್ಚೋಕ್ ಜಿಲ್ಲೆಯ ಗುಡ್ಡದ ಹಳ್ಳಿಗಳಲ್ಲಿ ದಾರಿಯೇ ಮುಚ್ಚಿಹೋಗಿತ್ತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಅಲ್ಲಿನವರು ಏನನ್ನು ಒತ್ತಬೇಕು ಸ್ವಾಮಿ? ಮೊದಲೆಲ್ಲ ಮೌನ ಅಂದರೆ ಅಂಚೆ ತಡ ಅಂತಿತ್ತು. ಈಗ ಎಲ್ಲರ ಹೆಸರಿನ ಮುಂದೆ 'ಸೇಫ್' ಅಂತ ಬಂದು ಒಬ್ಬರ ಹೆಸರಿನ ಮುಂದೆ ಬರದಿದ್ದರೆ, ಆ ಮನೆಯವರ ಗತಿ ಯೋಚಿಸಿ. ಅವರ ಫೋನಿನ ಬ್ಯಾಟರಿ ಮುಗಿದಿರಬಹುದು, ಅಷ್ಟೇ!

ಇನ್ನೊಂದು ಪ್ರಶ್ನೆ. ಯಾವುದು ದುರಂತ ಅಂತ ತೀರ್ಮಾನಿಸೋರು ಯಾರು? 2015ರ ನವೆಂಬರ್ 12ರಂದು ಬೈರೂತ್‌ನಲ್ಲಿ ಬಾಂಬ್ ಸಿಡಿದು 40ಕ್ಕೂ ಹೆಚ್ಚು ಜನ ಸತ್ತರು. ಬಟನ್ ಬರಲಿಲ್ಲ. ಮಾರನೇ ದಿನ ಪ್ಯಾರಿಸ್‌ನಲ್ಲಿ ದಾಳಿ. ಬಟನ್ ಬಂತು! ಅಲ್ಲಿಯವರೆಗೂ ಪ್ರಕೃತಿ ವಿಕೋಪಕ್ಕೆ ಮಾತ್ರ ಬಳಸುತ್ತಿದ್ದೆವು ಅಂತ ಕಂಪನಿ ಸಮಜಾಯಿಷಿ ಕೊಟ್ಟಿತು. ಬೈರೂತಿನವರು ಅದನ್ನು ನಂಬಬೇಕಾ? ಮುಂದೆ ಆ ತೀರ್ಮಾನವನ್ನು ಬಳಕೆದಾರರಿಗೂ ಕಂಪ್ಯೂಟರ್‌ಗೂ ಬಿಟ್ಟರು. 2016ರ ಡಿಸೆಂಬರ್‌ನಲ್ಲಿ ಏನಾಯಿತು ಗೊತ್ತಾ? ಬ್ಯಾಂಕಾಕ್‌ನಲ್ಲಿ ಪ್ರತಿಭಟನೆ ಮಾಡುತ್ತಿದ್ದ ಒಬ್ಬ ಪಟಾಕಿ ಎಸೆದ. ಫೇಸ್‌ಬುಕ್ ಅದನ್ನು ಸ್ಫೋಟ ಅಂದುಬಿಟ್ಟಿತು. ಜತೆಗೆ ಹಳೇ ಬಾಂಬ್ ಸುದ್ದಿಯ ಲಿಂಕ್ ಬೇರೆ! (ಸುಳ್ಳು ಬ್ರೇಕಿಂಗ್ ನ್ಯೂಸ್ ಅಂತ ಬೈಸಿಕೊಳ್ಳೋರು ಟಿವಿಯವರು ಮಾತ್ರ ಅಂದುಕೊಂಡಿದ್ದೆ.)

ಇಷ್ಟು ಗದ್ದಲವಿಲ್ಲದೆ ಇದೇ ಕೆಲಸ ಮಾಡುವ ಇನ್ನೊಂದು ವ್ಯವಸ್ಥೆ ಜಪಾನಿನಲ್ಲೇ ಇದೆ. 1995ರ ಜನವರಿಯಲ್ಲಿ ಕೋಬೆ ನಗರ ಭೂಕಂಪಕ್ಕೆ ಕುಸಿದಾಗ ಎಲ್ಲರೂ ಒಟ್ಟಿಗೆ ಫೋನ್ ಮಾಡಿ ಲೈನ್‌ಗಳೇ ಜಾಮ್ ಆದವು. ಆ ಪಾಠದಿಂದ 1998ರಲ್ಲಿ ಅಲ್ಲಿನ ದೂರವಾಣಿ ಕಂಪನಿ 171 ಅನ್ನುವ ಸಂಖ್ಯೆ ಶುರು ಮಾಡಿತು. ದುರಂತದ ಹೊತ್ತಿನಲ್ಲಿ 171 ಒತ್ತಿ, ಮನೆಯ ನಂಬರ್ ಒತ್ತಿ, 30 ಸೆಕೆಂಡಿನೊಳಗೆ ನಿಮ್ಮ ದನಿ ಬಿಟ್ಟುಬಿಡಿ. ಆ ನಂಬರ್ ಗೊತ್ತಿರುವ ನೆಂಟರು ಅದನ್ನು ಕೇಳಿಸಿಕೊಳ್ಳಬಹುದು. ಸ್ಮಾರ್ಟ್‌ಫೋನ್ ಬೇಡ, ಲೈಕ್ ಬೇಡ, ಸಾಮಾನ್ಯ ಫೋನ್ ಸಾಕು. ಮುಖ್ಯವಾಗಿ, ಅಮ್ಮನಿಗೆ ಮಗನ ದನಿಯೇ ಕೇಳಿಸುತ್ತೆ. ಪ್ರತಿ ತಿಂಗಳ 1 ಮತ್ತು 15ನೇ ತಾರೀಖು ಯಾರು ಬೇಕಾದರೂ ಇದನ್ನು ಬಳಸಿ ಅಭ್ಯಾಸ ಮಾಡಿಕೊಳ್ಳಬಹುದು.