ಎದೆ ಹೊಲಿದ ಮೇಲಿನ ನೋವು

ಬೈಪಾಸ್ ಆದವರನ್ನು ಎಲ್ಲಿ ನೋವು ಎಂದು ಕೇಳಿ ನೋಡಿ. ಅನೇಕರು ಹೃದಯದ ಮಾತೇ ಎತ್ತುವುದಿಲ್ಲ. ಸೀಳಿ ತಂತಿಯಿಂದ ಬಿಗಿದ ಎದೆಮೂಳೆ, ಪಕ್ಕೆಯಲ್ಲಿ ಚುಚ್ಚುವ ಡ್ರೈನ್ ಕೊಳವೆ, ರಕ್ತನಾಳ ತೆಗೆದ ಕಾಲಿನ ಗಾಯ, ಇವೇ ಅವರ ದೂರು. ನೋವಿಗೆ ಹೆದರಿದವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ಶ್ವಾಸಕೋಶದ ತಳಭಾಗ ಮುದುಡುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ.

ವಿಚಿತ್ರವೆಂದರೆ, ಈ ನೋವು ನೀಗಿಸುವ ಕ್ಷೇತ್ರದ ಮೊದಲ ದೊಡ್ಡ ಹೆಜ್ಜೆ ಇಟ್ಟದ್ದು ನೋವಿಗಾಗಿ ಅಲ್ಲ. ಆಗಿನ ಅರಿವಳಿಕೆ ಅನಿಲಗಳು ದುರ್ಬಲ ಹೃದಯವನ್ನು ಇನ್ನಷ್ಟು ಕುಗ್ಗಿಸುತ್ತಿದ್ದವು. ಭಾರಿ ಪ್ರಮಾಣದ ಮಾರ್ಫಿನ್ ಕೊಟ್ಟರೂ ಕವಾಟ ಕೆಟ್ಟವರ ರಕ್ತಪರಿಚಲನೆ ಕುಸಿಯುವುದಿಲ್ಲ ಎಂದು 1969ರಲ್ಲಿ ಬೋಸ್ಟನ್ನಿನ ಎಡ್ವರ್ಡ್ ಲೋವೆನ್‌ಸ್ಟೈನ್ ತಂಡ ತೋರಿಸಿತು. ದಶಕ ಕಳೆಯುವಷ್ಟರಲ್ಲಿ ಆ ಜಾಗಕ್ಕೆ ಫೆಂಟನಿಲ್ ಬಂತು. ನೋವು ಮರೆಯಾದದ್ದು ಅದರೊಂದಿಗೆ ಸಿಕ್ಕ ಲಾಭ. ರೋಗಿ ಮಾತ್ರ ಮಾರನೆಯ ಬೆಳಗಿನವರೆಗೂ ವೆಂಟಿಲೇಟರಿನಲ್ಲೇ ಇರಬೇಕಿತ್ತು.

1990ರ ದಶಕದಲ್ಲಿ ಗಾಳಿ ತಿರುಗಿತು. ಕೆಲವೇ ಗಂಟೆಗಳಲ್ಲಿ ಉಸಿರಿನ ಕೊಳವೆ ತೆಗೆದರೂ ಅಪಾಯವಿಲ್ಲ ಎಂದು 1996ರಲ್ಲಿ ಟೊರಾಂಟೊದ ಅಧ್ಯಯನ ಹೇಳಿತು. ಈ ಅವಸರದ ಹಿಂದೆ ವೈದ್ಯರಷ್ಟೇ ಐಸಿಯು ಖರ್ಚಿನ ಲೆಕ್ಕವೂ ಇತ್ತೆನ್ನಿ. ಆದರೆ ಬೇಗ ಎಚ್ಚರವಾದವರಿಗೆ ನೋವೂ ಬೇಗ ಗೊತ್ತಾಗುತ್ತದೆ.

ಅದಕ್ಕೊಂದು ಉತ್ತರ ಬೆನ್ನುಹುರಿಯ ಪಕ್ಕಕ್ಕೆ ಮದ್ದು ಬಿಡುವ ಎಪಿಡ್ಯೂರಲ್. ಬೆಂಗಳೂರಿನ ಮುರಳಿ ಚಕ್ರವರ್ತಿ, ವಿವೇಕ್ ಜವಳಿ ಮತ್ತು ಸಹೋದ್ಯೋಗಿಗಳು ಇದೊಂದನ್ನೇ ನಂಬಿ, ಎಚ್ಚರವಿದ್ದ ರೋಗಿಗಳಿಗೇ ಬೈಪಾಸ್ ಮಾಡಿ 2003ರಲ್ಲಿ ವರದಿ ಬರೆದರು. ಸಾಹಸ ಮೆಚ್ಚಬೇಕಾದದ್ದೇ. ಆದರೆ ಹೃದಯದ ಶಸ್ತ್ರಕ್ರಿಯೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೇಕೇ ಬೇಕು. ಬೆನ್ನುಹುರಿಯ ಪಕ್ಕ ರಕ್ತ ಶೇಖರವಾದರೆ ಕಾಲಿನ ಸ್ವಾಧೀನವೇ ಹೋಗಬಹುದು. ಅಪರೂಪವಾದರೂ ಈ ಭಯದಿಂದಾಗಿ ವಿಧಾನ ಎಲ್ಲೆಡೆ ಹಬ್ಬಲಿಲ್ಲ.

2016ರಲ್ಲಿ ಕೆನಡಾದ ಫೊರೆರೊ ಮತ್ತು ಸಂಗಡಿಗರು ವಿವರಿಸಿದ ಇರೆಕ್ಟರ್ ಸ್ಪೈನೆ ಬ್ಲಾಕ್ ಸೂಜಿಯನ್ನು ಬೆನ್ನುಹುರಿಯಿಂದ ದೂರ ಇಡುತ್ತದೆ. ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನಿನ ಸ್ನಾಯುವಿಗೂ ಕಶೇರುಕದ ಅಡ್ಡಚಾಚಿಗೂ ನಡುವೆ ಮದ್ದು ಬಿಟ್ಟರಾಯಿತು. ಹೃದಯ ಶಸ್ತ್ರಕ್ರಿಯೆಯಲ್ಲಿ ಇದು ಎಪಿಡ್ಯೂರಲ್‌ಗೆ ಸಾಟಿಯಾಗಬಲ್ಲದು ಎಂದು 2018ರಲ್ಲಿ ಬೆಂಗಳೂರಿನ ಜಯದೇವ ಸಂಸ್ಥೆಯ ವೈದ್ಯರು ಹೋಲಿಸಿ ತೋರಿಸಿದರು. ಅಧ್ಯಯನ ಚಿಕ್ಕದು, ಆದರೆ ದಿಕ್ಕು ಸ್ಪಷ್ಟ.

ಮಾತ್ರೆ, ಇಂಜೆಕ್ಷನ್‌ಗಳ ಕಥೆ ಬೇರೆ. ವಾಲ್ಡೆಕಾಕ್ಸಿಬ್, ಪ್ಯಾರೆಕಾಕ್ಸಿಬ್ ಎಂಬ ನೋವುನಿವಾರಕ ಪಡೆದ ಬೈಪಾಸ್ ರೋಗಿಗಳಲ್ಲಿ ಹೃದಯಾಘಾತದಂಥ ತೊಂದರೆ ಹೆಚ್ಚಿದ್ದು 2005ರಲ್ಲಿ ಬಯಲಾಗಿ ಆ ಬಾಗಿಲು ಮುಚ್ಚಿತು. ಸಾದಾ ಪ್ಯಾರಾಸಿಟಮಾಲ್ ಮಾತ್ರ ಅಚ್ಚರಿ ಕೊಟ್ಟಿತು: 2019ರ ಬೋಸ್ಟನ್ ಅಧ್ಯಯನದಲ್ಲಿ ಇದನ್ನು ನಾಳದ ಮೂಲಕ ಪಡೆದ ಹಿರಿಯರಲ್ಲಿ ಬುದ್ಧಿಭ್ರಮಣೆ ಶೇ. 10 ಇದ್ದರೆ, ಪಡೆಯದವರಲ್ಲಿ ಶೇ. 28.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಔಷಧವಲ್ಲ, ನರ್ಸುಗಳು. ಬಾಯಲ್ಲಿ ಕೊಳವೆಯಿದ್ದವರು ನೋವನ್ನು ಹೇಳುವುದಾದರೂ ಹೇಗೆ? ಕೆನಡಾದ ನರ್ಸ್ ಸೆಲೀನ್ ಜೆಲಿನಾ ಹೃದಯ ಶಸ್ತ್ರಕ್ರಿಯೆಯಾದವರ ಮುಖಭಾವ, ಅಂಗಚಲನೆ, ಸ್ನಾಯುಗಳ ಬಿಗಿತ, ವೆಂಟಿಲೇಟರಿಗೆ ಹೊಂದಿಕೊಳ್ಳುವ ಬಗೆ ಗಮನಿಸಿ 2006ರಲ್ಲಿ ಸೊನ್ನೆಯಿಂದ 8ರವರೆಗಿನ ಅಳತೆಗೋಲು ಪ್ರಕಟಿಸಿದರು. ಅದಕ್ಕೂ ಮೊದಲೇ ಅಮೆರಿಕದ ನರ್ಸ್ ಕ್ಯಾಥ್ಲೀನ್ ಪುಂಟಿಲೊ ಗುರುತಿಸಿದ್ದ ವಿಷಯ ಇನ್ನೂ ಮುಜುಗರ ತರುವಂಥದು. ಗಂಭೀರ ಸ್ಥಿತಿಯಲ್ಲಿರುವ ವಯಸ್ಕರಿಗೆ ತುಂಬಾ ನೋವು ಕೊಡುವ ಕೆಲಸಗಳಲ್ಲಿ ಮೊದಲನೆಯದು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು! ಡ್ರೈನ್ ಎಳೆಯುವುದೂ ಕಡಿಮೆಯದಲ್ಲ. ಇಂಥ ಕೆಲಸಕ್ಕೆ ಮೊದಲು ನಾಳಕ್ಕೆ ಕೊಟ್ಟ ಮಾರ್ಫಿನ್ ಪೂರ್ತಿ ಹಿಡಿಯಲು ಸುಮಾರು 20 ನಿಮಿಷ ಬೇಕು. ಗಿಜಿಗುಡುವ ಐಸಿಯುವಿನಲ್ಲಿ ಅಷ್ಟು ಹೊತ್ತು ಕಾಯುವವರು ಕಡಿಮೆ.