ಗೋಡೆಗೂ ಮೊದಲು ಕಲಶ

2013ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಕಲಾ ಸಂಗ್ರಹಾಲಯದ ಚಿತ್ರಗಳಿಗೆ ಬೆಲೆ ಕಟ್ಟುವ ಕೆಲಸವನ್ನು ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆಗೆ ವಹಿಸಲಾಯಿತು. ಸುಮಾರು 1,800 ಕೋಟಿ ಡಾಲರ್ ಹೊಣೆ ಹೊತ್ತ ನಗರಾಡಳಿತ ಆ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತ್ತು. ನಗರದ ಹಣದಲ್ಲಿ ಕೊಂಡಿದ್ದ 2,781 ಕೃತಿಗಳಿಗೆ 45.4 ಕೋಟಿಯಿಂದ 86.7 ಕೋಟಿ ಡಾಲರ್ ಬರಬಹುದೆಂದು ತಜ್ಞರು ಲೆಕ್ಕ ಹಾಕಿದರು. ಹಳ್ಳಿಗರು ಮೈಮರೆತು ಕುಣಿಯುವ ಬ್ರೂಗಲ್‌ನ ಮದುವೆಯ ಚಿತ್ರವೊಂದಕ್ಕೇ 10ರಿಂದ 20 ಕೋಟಿ. ಸಾಲ ಕೊಟ್ಟವರು ಗೋಡೆಯ ಕಡೆ ಬೆರಳು ತೋರಿಸುತ್ತಿದ್ದರು. ಇನ್ನೊಂದೆಡೆ, ನಗರಕ್ಕಾಗಿ ದುಡಿದು ನಿವೃತ್ತರಾದವರ ಪಿಂಚಣಿ ತೂಗುತ್ತಿತ್ತು.

ಸೊರಗುತ್ತಿರುವ ಊರಿನಲ್ಲಿ ಸಂಗ್ರಹಾಲಯವನ್ನು ದೊಡ್ಡದು ಮಾಡುವ ಪ್ರಸ್ತಾಪ ಬಂದಾಗಲೆಲ್ಲ ಒಂದೇ ಭರವಸೆ ಕೇಳಿಬರುತ್ತದೆ: ಕಣ್ಣು ಕುಕ್ಕುವ ಕಟ್ಟಡ ಎದ್ದರೆ ಪ್ರವಾಸಿಗರು ಬರುತ್ತಾರೆ, ನಡುಪೇಟೆಯ ಮುಚ್ಚಿದ ಅಂಗಡಿಗಳ ಬಾಗಿಲು ತೆರೆಯುತ್ತವೆ. ಅನುಮಾನಪಟ್ಟವರಿಗೆ ಕಲೆಯ ವೈರಿಗಳೆಂಬ ಪಟ್ಟ. ಈ ಭರವಸೆಗೆ ಸಾಕ್ಷಿಯಾಗಿ ಎಲ್ಲರೂ ಕರೆತರುವ ಊರು ಸ್ಪೇನ್ ದೇಶದ ಬಿಲ್ಬಾವೊ. ಹಾಗಾಗಿ ಮೊದಲು ಅಲ್ಲಿಗೇ ಹೋಗೋಣ.

ಬಿಲ್ಬಾವೊ ಉಕ್ಕು ಮತ್ತು ಹಡಗುಗಳ ಊರು. 1983ರ ಪ್ರವಾಹ ಹಳೆಯ ಪೇಟೆಯನ್ನು ಮುಳುಗಿಸಿತು. ಅದೇ ದಶಕದಲ್ಲಿ ಎಉಸ್ಕಲ್ದುನಾ ಹಡಗುಕಟ್ಟೆ ಮುಚ್ಚಿತು. 1997ರ ಅಕ್ಟೋಬರಿನಲ್ಲಿ ಫ್ರಾಂಕ್ ಗೆರಿ ವಿನ್ಯಾಸದ ಗುಗೆನ್‌ಹೈಮ್ ಸಂಗ್ರಹಾಲಯ ನದಿಯ ದಂಡೆಯಲ್ಲಿ ತೆರೆಯಿತು. ಟೈಟಾನಿಯಂ ಹೊದ್ದ ಆ ಕಟ್ಟಡ ನೋಡಲು ಮೊದಲ ವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. 'ಬಿಲ್ಬಾವೊ ಪರಿಣಾಮ' ಎಂಬ ಮಾತು ಹುಟ್ಟಿತು.

ಆ ಮಾತಿನಲ್ಲಿ ಕಾಣೆಯಾಗುವುದು ಕಟ್ಟಡದ ಸುತ್ತಲಿನ ಕೆಲಸ. ಕೊಳೆತ ನದಿಯನ್ನು ಶುದ್ಧಗೊಳಿಸುವ ಒಳಚರಂಡಿ ಯೋಜನೆ 1980ರ ದಶಕದಿಂದಲೇ ನಡೆದಿತ್ತು. ಬಂದರು ಸಮುದ್ರದ ಕಡೆಗೆ ಸರಿಯಿತು. ನದೀತೀರದ ಕೈಗಾರಿಕಾ ಭೂಮಿಯನ್ನು ಮತ್ತೆ ಬಳಕೆಗೆ ತರಲು 1992ರಲ್ಲಿ 'ಬಿಲ್ಬಾವೊ ರಿಯಾ 2000' ಎಂಬ ಸಂಸ್ಥೆಯೇ ಹುಟ್ಟಿತು. ನಾರ್ಮನ್ ಫಾಸ್ಟರ್ ವಿನ್ಯಾಸದ ಮೆಟ್ರೊ 1995ರಲ್ಲಿ ಓಡತೊಡಗಿತು. ಬಾಸ್ಕ್ ಪ್ರಾಂತ್ಯದ ಆಡಳಿತ ಕಟ್ಟಡಕ್ಕೆ 10 ಕೋಟಿ ಡಾಲರ್, ಕೃತಿಗಳ ಖರೀದಿಗೆ 5 ಕೋಟಿ, ಗುಗೆನ್‌ಹೈಮ್ ಹೆಸರು ಮತ್ತು ಪರಿಣತಿಗೆ 2 ಕೋಟಿ ಕೊಡಲು ಒಪ್ಪಿತ್ತು. ವರ್ಷವರ್ಷದ ಖರ್ಚಿಗೂ ಹೆಗಲು ಕೊಟ್ಟಿತ್ತು. ಇಷ್ಟಾದರೂ ಹೋರ್ಹೆ ಒತೇಯಿಸಾನಂಥ ಹಿರಿಯ ಬಾಸ್ಕ್ ಶಿಲ್ಪಿ ಯೋಜನೆಯನ್ನು ಕಟುವಾಗಿ ವಿರೋಧಿಸಿದ. ಸ್ಥಳೀಯ ಕಲೆಗೆ ಸಿಗಬೇಕಾದ ಹಣ ನ್ಯೂಯಾರ್ಕಿನ ಸಂಸ್ಥೆಯೊಂದಕ್ಕೆ ಹೋಗುತ್ತಿದೆ ಎಂಬುದು ವಿರೋಧಿಗಳ ವಾದ. ಊರು ಚೇತರಿಸಿಕೊಂಡದ್ದು ನಿಜ. ಆದರೆ ಅಲ್ಲಿ ಸಂಗ್ರಹಾಲಯ ಗುಡಿಯ ಮೇಲಿನ ಕಲಶ. ಕೆಳಗೆ ಪಾಯ, ಗೋಡೆ ಏಳುತ್ತಿದ್ದವು. ನೋಡಲು ಬಂದ ಬೇರೆ ಊರುಗಳ ಮೇಯರುಗಳು ಕಲಶದ ಅಳತೆಯನ್ನಷ್ಟೇ ಬರೆದುಕೊಂಡು ಹೋದರು.

ಕಲಶ ಮೊದಲು ಬಂದರೆ ಏನಾಗುತ್ತದೆ ಎಂಬುದಕ್ಕೆ ಮಿಲ್ವಾಕಿ ಒಳ್ಳೆಯ ಉದಾಹರಣೆ. ಮಿಷಿಗನ್ ಸರೋವರದ ದಡದ ಈ ಊರು ಬಿಯರ್‌ಗೂ ಯಂತ್ರಗಳಿಗೂ ಹೆಸರಾಗಿತ್ತು. ಷ್ಲಿಟ್ಜ್ ಬಿಯರ್ ಕಾರ್ಖಾನೆ 1981ರಲ್ಲಿ ಮುಚ್ಚಿತು, ಯಂತ್ರ ತಯಾರಕ ಆಲಿಸ್-ಚಾಮರ್ಸ್ 1987ರಲ್ಲಿ ದಿವಾಳಿಯಾಯಿತು, ಪ್ಯಾಬ್ಸ್ಟ್ 1996ರಲ್ಲಿ ಬಾಗಿಲೆಳೆಯಿತು. ಇಂಥ ಊರಿನಲ್ಲಿ 2001ರಲ್ಲಿ ಕಲಾ ಸಂಗ್ರಹಾಲಯಕ್ಕೆ ಸಾಂಟಿಯಾಗೊ ಕಲಟ್ರಾವ ವಿನ್ಯಾಸದ ಹೊಸ ಭಾಗ ಸೇರಿತು. ಅದರ ನೆತ್ತಿಯ ಮೇಲೆ 217 ಅಡಿ ಅಗಲಕ್ಕೆ ಬಿಚ್ಚಿ ಮುಚ್ಚುವ ಬಿಳಿ ರೆಕ್ಕೆಗಳಿವೆ. ಗಾಳಿ ಜೋರಾದರೆ ಅವು ತಾವೇ ಮುಚ್ಚಿಕೊಳ್ಳುತ್ತವೆ. ಚೆಲುವಿನ ಬಗ್ಗೆ ಎರಡು ಮಾತಿಲ್ಲ. ಇಂದು ಆ ಊರೆಂದರೆ ಕಣ್ಣಿಗೆ ಬರುವುದೇ ಆ ರೆಕ್ಕೆ.

ಲೆಕ್ಕದ ಪುಸ್ತಕ ಬೇರೆ ಕತೆ ಹೇಳುತ್ತದೆ. ಸುಮಾರು 3.5 ಕೋಟಿ ಡಾಲರ್ ಎಂದುಕೊಂಡಿದ್ದ ಖರ್ಚು 10 ಕೋಟಿಯನ್ನು ದಾಟಿತು. ಬಾಗಿಲು ತೆರೆದಾಗ ಸಂಗ್ರಹಾಲಯದ ತಲೆಯ ಮೇಲೆ ಎರಡು ಕೋಟಿಗೂ ಮಿಕ್ಕ ಸಾಲವಿತ್ತು. ಅದನ್ನು ತೀರಿಸಲು ದಾನಿಗಳ ಬಾಗಿಲನ್ನು ವರ್ಷಗಟ್ಟಲೆ ಮತ್ತೆ ಮತ್ತೆ ತಟ್ಟಬೇಕಾಯಿತು. ಹೊಸ ಭಾಗದಲ್ಲಿ ಇದ್ದದ್ದು ಮುಖ್ಯವಾಗಿ ಸ್ವಾಗತದ ಹಜಾರ, ತಾತ್ಕಾಲಿಕ ಪ್ರದರ್ಶನದ ಕೋಣೆ, ಅಂಗಡಿ, ಉಪಾಹಾರ ಗೃಹ, ವಾಹನ ನಿಲ್ದಾಣ. ಊರಿನ ಸ್ವಂತ ಚಿತ್ರಸಂಗ್ರಹ ಉಳಿದದ್ದು 1957 ಮತ್ತು 1975ರ ಹಳೆಯ ಕಟ್ಟಡಗಳಲ್ಲಿ. ಅಲ್ಲಿ ಚಾವಣಿ ಸೋರುತ್ತಿತ್ತು. ಅದರ ದುರಸ್ತಿ ಮುಗಿದದ್ದು 2015ರಲ್ಲಿ. ಹೊರಗೆ ರೆಕ್ಕೆ ಬಿಚ್ಚುತ್ತಿದ್ದ ವರ್ಷಗಳಲ್ಲಿ ಒಳಗೆ ಚಿತ್ರಗಳು ಮಳೆಗೆ ಹೆದರಿ ಕೂತಿದ್ದವು.

ಇದು ಆಕಸ್ಮಿಕವಲ್ಲ. ಹೊಸ ಕಟ್ಟಡಕ್ಕೆ ಹೆಸರಿಡಬಹುದು, ರಿಬ್ಬನ್ ಕತ್ತರಿಸಬಹುದು. ಸೋರುವ ಚಾವಣಿಗೆ, ಕಾವಲುಗಾರನ ಸಂಬಳಕ್ಕೆ, ತೇವ ನಿಯಂತ್ರಿಸುವ ಯಂತ್ರದ ವಿದ್ಯುತ್ ಬಿಲ್ಲಿಗೆ ಯಾರೂ ತಮ್ಮ ಹೆಸರು ಕೆತ್ತಿಸುವುದಿಲ್ಲ. ಕಟ್ಟಡ ದೊಡ್ಡದಾದಷ್ಟೂ ಆ ಬಿಲ್ಲು ಬೆಳೆಯುತ್ತದೆ. ಊರಿನ ಆದಾಯ ಬೆಳೆಯುತ್ತದೆಂಬ ಖಾತರಿಯಿಲ್ಲ.

ಡೆಟ್ರಾಯಿಟ್ ಇದನ್ನು ನೂರು ವರ್ಷಗಳ ಉದ್ದಕ್ಕೆ ಅನುಭವಿಸಿತು. 1919ರಲ್ಲಿ ನಗರವೇ ಸಂಗ್ರಹಾಲಯದ ಒಡೆತನ ವಹಿಸಿಕೊಂಡಿತು. ಕಾರುಗಳ ಹಣ ಹರಿಯುತ್ತಿದ್ದ 1927ರಲ್ಲಿ ವುಡ್‌ವರ್ಡ್ ಅವೆನ್ಯೂವಿನಲ್ಲಿ ಅಮೃತಶಿಲೆಯ ಕಟ್ಟಡ ಎದ್ದಿತು. 1932–33ರಲ್ಲಿ, ಆರ್ಥಿಕ ಕುಸಿತದ ನಡುವೆ, ಮೆಕ್ಸಿಕೊದ ಡಿಯೇಗೊ ರಿವೇರಾ ಅದರ ಗೋಡೆಗಳ ಮೇಲೆ ಫೋರ್ಡ್ ಕಾರ್ಖಾನೆಯ ಕಾರ್ಮಿಕರನ್ನು 27 ಫಲಕಗಳಲ್ಲಿ ಬರೆದ. 1950ರಲ್ಲಿ 18.5 ಲಕ್ಷವಿದ್ದ ಜನಸಂಖ್ಯೆ ಇಳಿಯತೊಡಗಿದ ಮೇಲೆ ಸಂಗ್ರಹಾಲಯ ಹಿಗ್ಗಿತು: 1966ರಲ್ಲಿ ದಕ್ಷಿಣದ ವಿಭಾಗ, 1971ರಲ್ಲಿ ಉತ್ತರದ್ದು. ನಡುವೆ, 1967ರ ಗಲಭೆಯಲ್ಲಿ 43 ಜನ ಸತ್ತಿದ್ದರು. 1975ರಲ್ಲಿ ಹಣವಿಲ್ಲದೆ ಸಂಗ್ರಹಾಲಯವನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. 1990ರ ದಶಕದ ಆರಂಭದಲ್ಲಿ ರಾಜ್ಯದ ಅನುದಾನ ಕಡಿತವಾದಾಗ ಗ್ಯಾಲರಿಗಳನ್ನು ಸರದಿಯ ಮೇಲೆ ತೆರೆದರು. 2007ರಲ್ಲಿ 15.8 ಕೋಟಿ ಡಾಲರ್ ಖರ್ಚಿನ ನವೀಕರಣ ಮುಗಿಯಿತು. 2009ರಲ್ಲಿ ಸುಮಾರು ಐದರಲ್ಲೊಂದು ಪಾಲು ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಆ ಹೊತ್ತಿಗೆ ಊರಿನಲ್ಲಿ ಉಳಿದಿದ್ದವರು ಏಳು ಲಕ್ಷ ಚಿಲ್ಲರೆ ಜನ. ಇಷ್ಟೆಲ್ಲ ಕಟ್ಟಿದರೂ ಊರಿನ ಕುಸಿತ ನಿಲ್ಲಲಿಲ್ಲ.

ಹಾಗಾದರೆ ಆ ಚಿತ್ರಗಳು ಹರಾಜಾಗದೆ ಉಳಿದದ್ದು ಹೇಗೆ? ಒಂದು ಕಾರಣ 2012ರಲ್ಲಿದೆ. ಸುತ್ತಲಿನ ಮೂರು ಕೌಂಟಿಗಳ ಮತದಾರರು ಸಂಗ್ರಹಾಲಯಕ್ಕಾಗಿ ಹತ್ತು ವರ್ಷ ಆಸ್ತಿ ತೆರಿಗೆ ಕೊಡಲು ಒಪ್ಪಿದರು. ಒಂದು ಕೌಂಟಿಯಲ್ಲಿ ಕೂದಲೆಳೆಯ ಅಂತರದಲ್ಲಿ. ಒಂದೂವರೆ ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ ಸುಮಾರು 15 ಡಾಲರ್. ಪ್ರತಿಯಾಗಿ ಅಲ್ಲಿಯವರಿಗೆಲ್ಲ ಪ್ರವೇಶ ಉಚಿತ. ನಗರ ಬಿಟ್ಟುಹೋದವರು ಬೀಡುಬಿಟ್ಟಿದ್ದ ಉಪನಗರಗಳೂ ಆ ಕೌಂಟಿಗಳಲ್ಲಿದ್ದವು. ಈ ಹಣ ರೆಕ್ಕೆಗಲ್ಲ, ದಿನನಿತ್ಯದ ಎಣ್ಣೆಬತ್ತಿಗೆ. ಹಾಗಾಗಿ ದಿವಾಳಿಯ ವೇಳೆಗೆ ಆ ಚಿತ್ರಗಳು ನಗರದ ಆಸ್ತಿಪಟ್ಟಿಯ ಸಾಲುಗಳಷ್ಟೇ ಆಗಿರಲಿಲ್ಲ. ತಮ್ಮದೆನ್ನುವ ಜನ ಅವಕ್ಕಿದ್ದರು.

ಮುಂದೆ ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ, ಸಂಗ್ರಹಾಲಯ ಸೇರಿ 20 ವರ್ಷಗಳಲ್ಲಿ 81.6 ಕೋಟಿ ಡಾಲರನ್ನು ಪಿಂಚಣಿ ನಿಧಿಗಳಿಗೆ ಕೊಡುವ ಒಪ್ಪಂದವಾಯಿತು. ಕೃತಿಗಳು ಸ್ವತಂತ್ರ ಲಾಭರಹಿತ ಸಂಸ್ಥೆಯ ಕೈಸೇರಿದವು. ನಿವೃತ್ತರು ಮತ ಹಾಕಿ ಒಪ್ಪಿದರು. ಆದರೂ ನಗರದ ಸಾಮಾನ್ಯ ನೌಕರರ ಪಿಂಚಣಿಯಲ್ಲಿ ಶೇ. 4.5ರಷ್ಟು ಕಡಿತವಾಯಿತು, ಬೆಲೆಯೇರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳವೂ ನಿಂತಿತು. ಬ್ರೂಗಲ್ ಗೋಡೆಯ ಮೇಲೆ ಉಳಿದಿದ್ದಾನೆ. ಅದಕ್ಕೆ ಬೆಲೆ ತೆತ್ತವರಲ್ಲಿ ಬಸ್ ಓಡಿಸಿದವರೂ ಕಸ ಎತ್ತಿದವರೂ ಇದ್ದಾರೆ.

ಆದ್ದರಿಂದ ಸಂಗ್ರಹಾಲಯದ ದೊಡ್ಡ ಕನಸನ್ನು ಅನುಮಾನಿಸುವವರು ಕೇಳುವ ಪ್ರಶ್ನೆಗಳು ಕಲೆಗೆ ವಿರುದ್ಧವಾದವಲ್ಲ. ಹತ್ತನೆಯ ವರ್ಷದ ವಿದ್ಯುತ್ ಬಿಲ್ಲು ಯಾರದು? ಹಳೆಯ ಚಾವಣಿ ಸೋರುತ್ತಿದೆಯೇ? ಪಕ್ಕದ ಬೀದಿಯವರು ಕಾಸು ಕೊಡದೆ ಒಳಗೆ ಬರಬಹುದೇ? ನಕ್ಷೆಗೆ ಸಹಿ ಬೀಳುವ ಮೊದಲು ಇವಕ್ಕೆ ಉತ್ತರ ಬೇಕು. ತಡವಾದರೆ ಉತ್ತರ ಬರೆಯುವವರು ಹರಾಜಿನವರು.