ಕೀಲೆಣ್ಣೆಯಿಂದ ಕೆಂಪೆಣ್ಣೆಯವರೆಗೆ

ಚಕ್ಕಡಿಯ ಗಾಲಿ ಕಿರಗುಟ್ಟತೊಡಗಿದರೆ ನಮ್ಮ ಹಿರಿಯರು ಮಿಸ್ತ್ರಿಯನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಬಂಡಿಯ ಕೆಳಗೆ ಜೋತುಬಿಟ್ಟ ಬಿದಿರಿನ ನಳಿಕೆಯಲ್ಲಿ ಕೀಲೆಣ್ಣೆ ಇರುತ್ತಿತ್ತು. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ್ದು. ಕನ್ನಡದಲ್ಲಿ ಕೀಲೆಣ್ಣೆ, ಮರಾಠಿಯಲ್ಲಿ ವಂಗಣ. ಹೆಸರು ಎರಡು, ಕಪ್ಪು ಒಂದೇ. ಗಾಲಿ ಸರಿಸಿ, ಅಚ್ಚಿಗೆ ಬಳಿದು, ಕಡಾಣಿ ಬಡಿದರೆ ಕೆಲಸ ಮುಗಿಯಿತು. ಗಡಹಿಂಗ್ಲಜದ ಪೇಟೆಗೆ ಬೆಲ್ಲ, ಮೆಣಸಿನಕಾಯಿ ಹೇರಿಕೊಂಡು ಹೊರಟ ರೈತನಿಗೆ ಇದು ನೊಗ ಕಟ್ಟಿದಷ್ಟೇ ಸಹಜವಾದ ವಿದ್ಯೆ.

ಇಂದು ಅದೇ ಅಂಗಳದಲ್ಲಿ ಕಾರು ನಿಂತಿದೆ. ಕೆಲವರ ಕಾರಿಗೆ ಕ್ಲಚ್ಚಿನ ಪೆಡಲೇ ಇಲ್ಲ. ಗೇರು ತಾನೇ ಬದಲಾಗುತ್ತದೆ. "ಇದರ ಗೇರೆಣ್ಣೆಯನ್ನೂ ಮನೆಯಲ್ಲೇ ಬದಲಿಸಬಹುದಲ್ಲವೇ? ಎಣ್ಣೆ ಅಂದಮೇಲೆ ಎಣ್ಣೆಯೇ ತಾನೇ?" ಎಂದು ನೀವು ಕೇಳಬಹುದು. ಮೊದಲ ಪ್ರಶ್ನೆಗೆ ಉತ್ತರ, ಬಹಳಷ್ಟು ಕಾರುಗಳಲ್ಲಿ ಬದಲಿಸಬಹುದು. ಎರಡನೆಯದಕ್ಕೆ ಉತ್ತರ, ಖಂಡಿತ ಅಲ್ಲ. ಯಾಕೆ ಅಲ್ಲ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಇತಿಹಾಸದೊಳಗೆ ಇಳಿಯಬೇಕು.

ಯಂತ್ರಕ್ಕೆ ಎಣ್ಣೆ ಹಾಕುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ನಿಲ್ಲಿಸಿದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯ ಬಯಲಿನಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿ, ಕಬ್ಬಿಣದ ನೇಗಿಲನ್ನು ರೈತನ ಕೈಗೆ ಕೊಟ್ಟರು. ಕೊಲ್ಲಾಪುರದ ಶಿವಾಜಿ ಉದ್ಯಮನಗರದ ಎರಕದ ಮನೆಗಳು, ಲೇತುಗಳು ಹೊಳೆಯ ನೀರೆತ್ತುವ ಆಯಿಲ್ ಎಂಜಿನ್ನನ್ನು ಹಳ್ಳಿಯ ಮನೆಮಾತಾಗಿಸಿದವು. ಮಗ್ಗದ ಹಲ್ಲುಗಾಲಿಗೆ ಒಂದು ಎಣ್ಣೆ, ಎಂಜಿನ್ನಿಗೆ ಇನ್ನೊಂದು ಎಂಬುದು ನಮ್ಮ ಕೆಲಸಗಾರರಿಗೆ ಗೊತ್ತಿತ್ತು. ಆದರೆ ಅಲ್ಲೆಲ್ಲ ಎಣ್ಣೆಯ ಕೆಲಸ ಮುಖ್ಯವಾಗಿ ಸವಕಳಿ ತಪ್ಪಿಸುವುದು, ಬಿಸಿ ತಗ್ಗಿಸುವುದು. ಎಳೆಯುವ ಕೆಲಸ ಕಬ್ಬಿಣದ್ದೇ ಆಗಿತ್ತು.

ಕಾರಿನಲ್ಲೂ ಮೊದಲು ಹಾಗೆಯೇ ಇತ್ತು. ಗೇರು ಬದಲಿಸುವುದು ಮಾತ್ರ ಚಾಲಕನಿಗೆ ದೊಡ್ಡ ತಾಪತ್ರಯ. ಕೊಲ್ಲಾಪುರದ ದಸರೆಗೆ ಹೋದವರು ಛತ್ರಪತಿ ಮನೆತನದ ಮೇಬ್ಯಾಕ್ ಕಾರನ್ನು ನೋಡಿರುತ್ತೀರಿ. ಅದನ್ನು ಮಾಡಿದ ಜರ್ಮನ್ ಕಂಪನಿ 1930ರ ದಶಕದಲ್ಲೇ ಗಾಳಿಯ ಹೀರುಬಲದಿಂದ ಗೇರು ಬದಲಿಸುವ ಪೆಟ್ಟಿಗೆಗಳನ್ನು ತಯಾರಿಸುತ್ತಿತ್ತು. ಆದರೂ ಯಾವ ಗೇರು ಬೇಕೆಂದು ಚಾಲಕನೇ ಹೇಳಬೇಕಾಗಿತ್ತು.

ಆ ಹೊರೆಯನ್ನು ಕಡೆಗೂ ಇಳಿಸಿದ್ದು ಎಣ್ಣೆ. 1905ರಲ್ಲಿ ಹರ್ಮನ್ ಫ್ಯೋಟಿಂಗರ್ ಎಂಬ ಜರ್ಮನ್ ಎಂಜಿನಿಯರ್, ಹಡಗಿಗಾಗಿ ಒಂದು ಉಪಾಯಕ್ಕೆ ಪೇಟೆಂಟು ಪಡೆದ. ಎರಡು ಫ್ಯಾನುಗಳನ್ನು ಎದುರುಬದುರು ಇಡಿ. ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ದ್ರವವನ್ನು ತುಂಬಿದರೆ? ಕಬ್ಬಿಣಕ್ಕೆ ಕಬ್ಬಿಣ ತಾಗದೆ ಬಲ ದಾಟುತ್ತದೆ. ಇದೇ ತತ್ತ್ವವನ್ನು ಹಿಡಿದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1939ರಲ್ಲಿ, ಮುಂದಿನ ವರ್ಷದ ಓಲ್ಡ್ಸ್‌ಮೊಬೀಲ್ ಕಾರಿಗಾಗಿ, ಹೈಡ್ರಾಮ್ಯಾಟಿಕ್ ಎಂಬ ಗೇರುಪೆಟ್ಟಿಗೆಯನ್ನು ಹೊರತಂದಿತು. ಅದರೊಳಗೆ ಎಣ್ಣೆ ಎಂಜಿನ್ನಿನ ಬಲವನ್ನು ಹೊರುತ್ತಿತ್ತು. ಒತ್ತಡದಿಂದ ಗೇರನ್ನು ಬದಲಿಸುತ್ತಿತ್ತು. ಸವಕಳಿಯನ್ನೂ ಬಿಸಿಯನ್ನೂ ತಡೆಯುತ್ತಿತ್ತು. ಒಂದೇ ಆಳು, ನಾಲ್ಕು ಕೆಲಸ. ಕೀಲೆಣ್ಣೆಗೂ ಇದಕ್ಕೂ ಇರುವ ಅಂತರ ಇಷ್ಟೇ: ಅದು ಯಂತ್ರಕ್ಕೆ ಬಳಿಯುವ ವಸ್ತು, ಇದು ಯಂತ್ರದ ಒಂದು ಭಾಗ.

1949ರಲ್ಲಿ ಆ ಕಂಪನಿ "ಟೈಪ್ ಎ" ಎಂದು ಈ ಎಣ್ಣೆಯ ಗುಣಗಳನ್ನು ಗೊತ್ತುಮಾಡಿತು. ಸೋರಿದಾಗ ಎಂಜಿನ್ ಎಣ್ಣೆಯಿಂದ ಬೇರೆ ಎಂದು ತಿಳಿಯಲು ಅದಕ್ಕೆ ಕೆಂಪು ಬಣ್ಣ ಹಾಕುವ ರೂಢಿ ಬಂತು. ಇನ್ನೊಂದು ವಿಷಯ ಕೇಳಿದರೆ ನಿಮಗೆ ಸೋಜಿಗವಾದೀತು. ಆ ಕಾಲದ ಕೆಂಪೆಣ್ಣೆಯಲ್ಲಿ ಸ್ಪರ್ಮ್ ವೇಲ್ ಎಂಬ ದೈತ್ಯ ತಿಮಿಂಗಿಲದ ಎಣ್ಣೆಯೂ ಸೇರುತ್ತಿತ್ತು! ಪೆಟ್ಟಿಗೆಯೊಳಗಿನ ಕ್ಲಚ್ ಬಿಲ್ಲೆಗಳು ಮೊದಲು ತುಸು ಜಾರಿ, ಆಮೇಲೆ ಗಟ್ಟಿಯಾಗಿ ಹಿಡಿಯಬೇಕು. ಪೂರಾ ಜಾರಿದರೆ ಸುಡುತ್ತವೆ, ಒಮ್ಮೆಲೇ ಹಿಡಿದರೆ ಕಾರು ಜಗ್ಗುತ್ತದೆ. ಆ ಹದವನ್ನು ತಿಮಿಂಗಿಲದ ಎಣ್ಣೆ ಕೊಡುತ್ತಿತ್ತು. 1970ರಲ್ಲಿ ಅಮೆರಿಕವು ಆ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಅದರ ಎಣ್ಣೆ ಮಾರುಕಟ್ಟೆಯಿಂದ ಮರೆಯಾಯಿತು. ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು. ಮೊದಲಿಗೆ ಬಂದ ಒಂದು ಬದಲಿ ಎಣ್ಣೆಯು ಅದನ್ನು ತಂಪುಮಾಡುವ ಕೂಲರಿನ ಬೆಸುಗೆಯನ್ನೇ ತಿನ್ನತೊಡಗಿತು. ಅದನ್ನು ಮತ್ತೆ ತಿದ್ದಬೇಕಾಯಿತು. ಎಣ್ಣೆಯಲ್ಲಿನ ಒಂದು ಸಣ್ಣ ಪಾಲು ಬದಲಾದರೆ ಯಂತ್ರವೇ ಕೆಡುತ್ತದೆ ಎಂಬ ಪಾಠವನ್ನು ಜಗತ್ತು ಕಲಿತದ್ದು ಹೀಗೆ.

ಆ ಪಾಠ ಇಂದು ನಮ್ಮ ಅಂಗಳಕ್ಕೂ ಅನ್ವಯಿಸುತ್ತದೆ. ಕ್ಲಚ್ ಪೆಡಲಿಲ್ಲದ ಕಾರುಗಳೆಲ್ಲ ಒಂದೇ ಜಾತಿಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮ ದೇಶದಲ್ಲಿ ಜನಪ್ರಿಯವಾದ ಎ.ಎಂ.ಟಿ. ಪೆಟ್ಟಿಗೆ ಮೂಲತಃ ಸಾದಾ ಗೇರುಪೆಟ್ಟಿಗೆಯೇ. ಕೈಯ ಬದಲು ಯಂತ್ರ ಗೇರು ಹಾಕುತ್ತದೆ. ಅದಕ್ಕೆ ಸಾದಾ ಗೇರೆಣ್ಣೆ ಬೇಕು, ಕೆಂಪೆಣ್ಣೆಯಲ್ಲ. ಉಕ್ಕಿನ ಬೆಲ್ಟಿನ ಸಿ.ವಿ.ಟಿ.ಗೆ ಅದರದೇ ಎಣ್ಣೆ. ಕೆಂಪೆಣ್ಣೆಯಲ್ಲೂ ಹಲವು ತರ. ಆದ್ದರಿಂದ ಡಬ್ಬಿ ಕೊಳ್ಳುವ ಮೊದಲು ಕಾರಿನ ಜೊತೆ ಬಂದ ಪುಸ್ತಕ ನೋಡಿ. ಅಂಗಡಿಯವ "ಎಲ್ಲದಕ್ಕೂ ನಡೀತದ" ಎಂದರೂ ಪುಸ್ತಕದ ಮಾತೇ ನಿಮಗೆ ಪ್ರಮಾಣ.

ಇನ್ನು ಕೆಲಸದ ಕ್ರಮ. ಸಮನೆಲದಲ್ಲಿ ಕಾರು ನಿಲ್ಲಿಸಿ, ಗಾಲಿಗೆ ಅಡ್ಡಗಲ್ಲು ಕೊಡಿ. ಬರೀ ಜಾಕಿನ ಮೇಲೆ ನಂಬಿಕೆಯಿಟ್ಟು ಕಾರಿನಡಿ ಎಂದೂ ನುಸುಳಬೇಡಿ. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡು ಕೊಡಲೇಬೇಕು. ಎಣ್ಣೆ ಉಗುರುಬೆಚ್ಚಗಿರಲಿ, ಸುಡುವಷ್ಟು ಬೇಡ. ಕೆಳಗಿನ ಬಿರಡೆ ತೆಗೆಯುವ ಮೊದಲು ಎಣ್ಣೆ ತುಂಬುವ ಬಾಯಿ ಬಿಚ್ಚುತ್ತದೆಯೇ ನೋಡಿಕೊಳ್ಳಿ. ಎಣ್ಣೆ ಬಸಿದ ಮೇಲೆ ಮೇಲಿನದು ಬಿಚ್ಚದಿದ್ದರೆ ಕಾರು ಅಲ್ಲೇ ಕೂತಂತೆ. ಬಸಿದ ಎಣ್ಣೆಯನ್ನು ಲೀಟರಿನ ಗುರುತಿರುವ ಪಾತ್ರೆಯಲ್ಲಿ ಅಳೆಯಿರಿ. ಅಷ್ಟನ್ನೇ ಮರಳಿ ತುಂಬಬೇಕು. ಹೆಚ್ಚಾದರೆ ನೊರೆಯೇಳುತ್ತದೆ, ಕಡಿಮೆಯಾದರೆ ಬಿಲ್ಲೆ ಜಾರುತ್ತದೆ. ಬಿರಡೆಯ ಆಯಸ್ಕಾಂತಕ್ಕೆ ನುಣ್ಣನೆಯ ಬೂದು ಕೆಸರು ಅಂಟಿದ್ದರೆ ಅದು ಸಹಜ. ಲೋಹದ ಚೂರು ಕಂಡರೆ, ಸುಟ್ಟ ವಾಸನೆ ಬಂದರೆ ಕಾರನ್ನು ತಿಳಿದ ಮಿಸ್ತ್ರಿಗೆ ತೋರಿಸಿ. ಬಿರಡೆಗೆ ಹೊಸ ವಾಷರ್ ಹಾಕಿ.

ಒಮ್ಮೆ ಬಸಿದರೆ ಎಲ್ಲ ಎಣ್ಣೆಯೂ ಬರುವುದಿಲ್ಲ. ಆ ಎದುರುಬದುರು ಫ್ಯಾನುಗಳ ಗೂಡಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಅದಕ್ಕೇ ಕೆಲವು ದಿನ ಓಡಿಸಿ ಮತ್ತೊಮ್ಮೆ, ಇನ್ನೊಮ್ಮೆ ಬದಲಿಸುತ್ತಾರೆ. ತುಂಬಿದ ಮೇಲೆ ಕಾರನ್ನು ನೆಲಕ್ಕಿಳಿಸಿ, ಬ್ರೇಕು ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿ, ಗೇರಿನ ಹಿಡಿಕೆಯನ್ನು ಪ್ರತಿ ಸ್ಥಾನದಲ್ಲೂ ಕೆಲವು ಕ್ಷಣ ನಿಲ್ಲಿಸಿ, ಪುಸ್ತಕ ಹೇಳಿದ ರೀತಿಯಲ್ಲೇ ಅಳತೆಕಡ್ಡಿ ನೋಡಿ. ಅಳತೆಕಡ್ಡಿಯೇ ಇಲ್ಲದ ಹೊಸ ಕಾರುಗಳಿವೆ. ಅಂಥವುಗಳಲ್ಲಿ ಎಣ್ಣೆಯ ಶಾಖವನ್ನು ಉಪಕರಣದಿಂದ ಅಳೆದೇ ಮಟ್ಟ ನೋಡಬೇಕು. ಅದು ಅಂಗಳದ ಕೆಲಸವಲ್ಲ. ಹಾಗೆ ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಕೊನೆಯದಾಗಿ, ಬಸಿದ ಹಳೆ ಎಣ್ಣೆ. ಗೆದ್ದಲಿಗೆಂದು ಕಂಬಕ್ಕೆ ಬಳಿಯುವುದು, ಗಟಾರಕ್ಕೆ ಸುರಿಯುವುದು ಹಳೆಯ ರೂಢಿ. ಕೀಲೆಣ್ಣೆ ಮಣ್ಣಿಗೆ ಬಿದ್ದರೆ ಮಣ್ಣಾಗುತ್ತಿತ್ತು. ಇದು ಹಾಗೆ ಕರಗದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಧಿಕೃತ ಮರುಬಳಕೆದಾರರಿಗೇ ಸೇರಬೇಕು. ಡಬ್ಬಿಯಲ್ಲಿ ತುಂಬಿ, ಅವರಿಗೆ ಎಣ್ಣೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಯಾಕೆಂದರೆ ಕೊಲ್ಲಾಪುರ, ಇಚಲಕರಂಜಿಯ ಗಟಾರದ ನೀರು ಪಂಚಗಂಗೆಗೆ, ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ. ಗಡಹಿಂಗ್ಲಜದ ಹಿರಣ್ಯಕೇಶಿ ಸಂಕೇಶ್ವರವನ್ನು ದಾಟಿ ಘಟಪ್ರಭೆಗೆ. ಎರಡೂ ಹರಿದುಬರುವುದು ನಮ್ಮವರ ಹೊಲಕ್ಕೆ, ನಮ್ಮವರ ಬಿಂದಿಗೆಗೆ. ಗಡಿಯ ಆಚೆ ಬಸಿದದ್ದನ್ನು ಈಚೆಯವರು ಕುಡಿಯುವಂತಾಗಬಾರದು.